ಆಚೆ ತುದಿಯ ಜವಾಬು

ಆಗ ನಾನು ಬಾಡಿಗೆಗಿದ್ದ ಮನೆಯ ಹಿಂಬದಿ ಕಿಟಕಿ ಒಂದು ಲಾಂಡ್ರಿಗೆ ಎದುರಾಗಿತ್ತು. ಊರಿನ ಆಸ್ಪತ್ರೆಗಳ ಚಾದರ, ದಿಂಬಿನ ಚೀಲ, ಟವೆಲ್ಲುಗಳೆಲ್ಲ ಗಾಡಿಯಲ್ಲಿ ಅಲ್ಲಿಗೆ ಬಂದು, ಮೈ ತೊಳೆಸಿಕೊಂಡು, ಮಡಿಸಿಕೊಂಡು ವಾಪಸು ಹೋಗುತ್ತಿದ್ದವು. ಕಿಟಕಿ ತೆರೆದರೆ ಸೋಪಿನ ವಾಸನೆ, ಬಿಸಿ ಹಬೆ, ಅದರ ಬೆನ್ನಿಗೇ ಒಂದು ಹೆಂಗಸಿನ ದನಿ ಒಳಗೆ ಬರುತ್ತಿತ್ತು. ಹಾಡು ಎರಡೇ ಸಾಲಿನದು.

ಎಳೆಯೇ ಎಳೆಯೇ ಎದುರಿನ ಜಾಣೆ,
ನಿನ್ನೆ ರಾತ್ರಿ ನಿದ್ದೆ ಯಾಕೆ ಕಾಣೆ?

ಇಷ್ಟು ಹಾಡಿ ದನಿ ಗಪ್ಪನೆ ನಿಂತುಬಿಡುತ್ತಿತ್ತು. ಒಂದಿಷ್ಟು ಹೊತ್ತು ಮೌನ. ಆಮೇಲೆ ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಮೌನ. ವಾರಪತ್ರಿಕೆಗೆ ಅಂಕಣ ಬರೆಯುತ್ತಿದ್ದ ನನಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ. ಯಾರೋ ಬಿಟ್ಟುಹೋದ ಹೆಣ್ಣು. ಉತ್ತರ ಕೊಡಬೇಕಾದವರು ಇಲ್ಲ. ಆದರೂ ಕೇಳುವುದನ್ನು ಬಿಟ್ಟಿಲ್ಲ ಎಂದು ತೀರ್ಮಾನಿಸಿ, 'ಮೌನದ ಮರುದನಿ' ಎಂಬ ತಲೆಬರಹದಡಿ ಒಂದು ಪುಟ ಬರೆದೆ. ಬರೆದದ್ದನ್ನು ನಾನೇ ಎರಡು ಸಲ ಗಟ್ಟಿಯಾಗಿ ಓದಿಕೊಂಡೆ. ನಿವೃತ್ತ ಮೇಷ್ಟರೊಬ್ಬರು ದಾರಿಯಲ್ಲಿ ಸಿಕ್ಕು, ಓದಿ ಅತ್ತೆನೆಂದು ತಿಳಿಸಿದರು. ನನ್ನ ಹೆಂಡತಿ ಮಾತ್ರ ಓದಿ ಮುಗಿಸಿ, "ಹೋಗಿ ಒಂದು ಮಾತು ಕೇಳಬಾರದಿತ್ತಾ? ಎದುರುಗಡೇನೇ ಇದೆ" ಅಂದಳು. ಕಲಾವಿದನ ಕಷ್ಟ ಇವಳಿಗೆಲ್ಲಿ ತಿಳಿಯಬೇಕು ಎಂದುಕೊಂಡೆ.

ಪತ್ರಿಕೆಯ ಪ್ರತಿಯನ್ನು ಆ ದುಃಖಿನಿಗೆ ಖುದ್ದಾಗಿ ಅರ್ಪಿಸಬೇಕೆಂದು ಒಂದು ಬೆಳಿಗ್ಗೆ ಲಾಂಡ್ರಿಯ ತಗಡಿನ ಬಾಗಿಲು ದಾಟಿದೆ. ತೋಳು ಮಡಚಿಕೊಂಡ, ದುಂಡು ಮುಖದ, ಯಾವ ಕೋನದಿಂದ ನೋಡಿದರೂ ದುಃಖಿನಿಯಲ್ಲದ ಹೆಂಗಸೊಬ್ಬಳು ದೊಡ್ಡ ಚಾದರದ ಒಂದು ತುದಿ ಹಿಡಿದು ನಿಂತಿದ್ದಳು. ನನಗೆ ಚಿರಪರಿಚಿತವಾದ ಎರಡು ಸಾಲು ಅವಳ ಬಾಯಿಂದ ಹೊರಟವು. ಚಾದರದ ಇನ್ನೊಂದು ತುದಿ ದೂರದಲ್ಲಿ, ಬುಸುಗುಡುತ್ತಿದ್ದ ಬಾಯ್ಲರ್ ಪಕ್ಕದಲ್ಲಿ, ತೆಳ್ಳಗೆ ಎತ್ತರಕ್ಕಿದ್ದ ಮತ್ತೊಬ್ಬಳ ಕೈಯಲ್ಲಿತ್ತು. ಅವಳು ಆ ಸದ್ದಿನ ನಡುವೆಯೇ ಜವಾಬು ಹಾಡಿದಳು:

ಗಾಡಿ ನಿಂತರೂ ಗೊರಕೆ ನಿಲ್ಲದು,
ನಮ್ಮನೆ ಗೋಡೆಗೂ ನಿದ್ದೆ ಬಾರದು.

ಹೊರಗೆ ಅಂಗಳದಲ್ಲಿ ಗಾಡಿಯವನು ಹಾರನ್ ಹೊಡೆದ. ದುಂಡು ಮುಖದವಳು "ಬಂದೆ ತಡಿಯಪ್ಪಾ" ಎಂದು ಗೊಣಗಿ ಕೈ ಚುರುಕು ಮಾಡಿದಳು. ನಾನು ಬಂದ ಕಾರಣ ವಿವರಿಸಿದಾಗ ಅವಳು ಚಾದರ ಬಿಡದೆಯೇ ಕೇಳಿಸಿಕೊಂಡು, "ಆ ಕಡೆಯವಳು ಬಾಯ್ಲರ್ ಪಕ್ಕ ನಿಂತಿರ್ತಾಳಲ್ಲ, ನಿಮ್ಮ ಕಿಟಕಿಗೆ ಕೇಳಿಸಲ್ಲ, ಅಷ್ಟೇ" ಅಂದಳು. ನನ್ನ ಪುಟವನ್ನು ದಿಂಬಿನ ಚೀಲಗಳ ಕಪಾಟಿನ ಅಡಿಗೆ ಹಾಸಿದರು. ಕಪಾಟಿಗೆ ಸರಿಯಾಗಿ ಹೊಂದಿತು. ಅಂದಿನಿಂದ ಲಾಂಡ್ರಿಯಲ್ಲಿ ನನ್ನ ಹೆಸರು ಮೌನದೋರು.

ಬೀದಿಯವರು ಆ ದುಂಡು ಮುಖದವಳನ್ನು ಚಾದರದಕ್ಕ ಎನ್ನುತ್ತಿದ್ದರು. ಜವಾಬು ಹಾಡುವವಳು ಅವಳ ಗಂಡನ ತಂಗಿ. ಅತ್ತಿಗೆ ಮೇಜಿನ ಕಡೆಯ ಈಚೆ ತುದಿ, ನಾದಿನಿ ಬಾಯ್ಲರ್ ಕಡೆಯ ಆಚೆ ತುದಿ. ಮಡಿಸುವುದು ಹೀಗೆ: ಇಬ್ಬರೂ ಒಟ್ಟಿಗೆ ಒಮ್ಮೆ ಜಗ್ಗಿ ಎಳೆಯಬೇಕು, ಸುಕ್ಕು ಬಿಡುತ್ತದೆ. ಆಮೇಲೆ ಉದ್ದಕ್ಕೆ ಮಡಿಸಿ, ಎದುರುಬದುರು ನಡೆದು ಬಂದು, ಮೂಲೆಗೆ ಮೂಲೆ ಕೂಡಿಸಬೇಕು. ಒಬ್ಬಳು ಎಳೆಯುವಾಗ ಇನ್ನೊಬ್ಬಳು ಮೈಮರೆತಿದ್ದರೆ ಯಾರಾದರೊಬ್ಬರು ಬುಟ್ಟಿಯಲ್ಲಿ ಕೂರುವುದು ಖಂಡಿತ. ಅದಕ್ಕೇ ಹಾಡು. ಪ್ರಶ್ನೆಗೆ ಎಳೆತ, ಜವಾಬಿಗೆ ನಡಿಗೆ.

ಪ್ರಶ್ನೆ ಚಾದರದಕ್ಕನ ತಾಯಿಯಿಂದ ಬಂದದ್ದು. ತಾಯಿಯೂ ಅದೇ ಈಚೆ ತುದಿಯಲ್ಲಿ ನಿಂತು ಆಯುಸ್ಸು ಸವೆಸಿದವಳು. ಅವಳಿಗೆ ಯಾರಿಂದ ಬಂತೋ ಯಾರಿಗೂ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳಬೇಕೆಂದು ಯಾರಿಗೂ ಅನ್ನಿಸಿಯೂ ಇಲ್ಲ. ಪ್ರಶ್ನೆಯನ್ನು ಯಾರು ಬೇಕಾದರೂ ಹಾಡಬಹುದು. ಜವಾಬು ಹಾಗಲ್ಲ. ಅದನ್ನು ಆಚೆ ತುದಿಯವಳು ತಾನೇ ಕಟ್ಟಬೇಕು. ಒಬ್ಬಳ ಜವಾಬನ್ನು ಇನ್ನೊಬ್ಬಳು ಹಾಡುವುದೆಂದರೆ ಅವಳ ಹಲ್ಲುಜ್ಜುವ ಬ್ರಷ್ಷನ್ನು ಬಾಯಿಗಿಟ್ಟುಕೊಂಡ ಹಾಗೆ. ತಾಯಿಯ ಕಾಲದ ಆಚೆ ತುದಿಯವಳೊಬ್ಬಳು ಹಲ್ಲು ಹುಟ್ಟುತ್ತಿದ್ದ ಕೂಸಿನ ಮೇಲೆ ಹೇಳಿದ್ದಳಂತೆ. ಅವಳ ನಂತರ ಬಂದವಳು ಮಹಡಿಯ ಮೇಲೆ ಬೂಟು ಹಾಕಿಕೊಂಡೇ ಓಡಾಡುವ ಬಾಡಿಗೆದಾರನ ಮೇಲೆ. ಆ ಬಾಡಿಗೆದಾರ ಯಾವ ಕಾಲಕ್ಕೋ ಮನೆ ಖಾಲಿ ಮಾಡಿದ, ಬೂಟಿನ ಸದ್ದನ್ನು ಮುದುಕಿಯರು ಈಗಲೂ ನೆನೆದು ನಗುತ್ತಾರೆ. ಆದರೆ ಹಾಡುವುದಿಲ್ಲ.

ತಾಯಿಯ ಕಾಲದ ಚಾದರಗಳು ಕಂಬಳಿಯಷ್ಟು ದಪ್ಪ. ಹಾಡೂ ಭಾರ ಹೊತ್ತ ಗಾಡಿಯ ಹಾಗೆ ನಿಧಾನ. ಮಗಳ ಕಾಲಕ್ಕೆ ಬಟ್ಟೆ ತೆಳುವಾಯಿತು, ಹಾಡಿಗೆ ಕಾಲು ಬಂತು. ಕೆಲಸ ಬಿಟ್ಟ ಮೇಲೂ ಹೊತ್ತು ಕಳೆಯಲು ಬಂದು ಗೋಡೆಗೊರಗಿ ಕೂರುತ್ತಿದ್ದ ಮುದುಕಿ ಒಂದು ದಿನ ತಡೆಯಲಾರದೆ, "ಹಾಡನ್ನ ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದ್ದಾರೇನೇ?" ಎಂದು ಕೇಳಿದ್ದಳಂತೆ. ಅಟ್ಟಿಸಿಕೊಂಡು ಬರುತ್ತಿದ್ದದ್ದು ಗಾಡಿಯ ಹಾರನ್ನು ಎಂದು ಚಾದರದಕ್ಕ ನನಗೆ ವಿವರಿಸಿದ್ದಳು. ಗಾಡಿ ಓಡಿಸುತ್ತಿದ್ದವನು ಬೇರಾರೂ ಅಲ್ಲ, ನಾದಿನಿಯ ಗಂಡ, ಗೊರಕೆಯ ಮಾಲೀಕ. ಮನುಷ್ಯ ಒಳ್ಳೆಯವನೇ, ಆದರೆ ತಾಳ್ಮೆ ಇಲ್ಲ ಎಂಬುದು ಅವಳ ಅಭಿಪ್ರಾಯ.

ತಾಳ್ಮೆಯ ಬಗ್ಗೆ ಅವಳು ಮಾತಾಡುವುದೇ ಒಂದು ತಮಾಷೆ. ಅವಳ ಕೈಗಳಿಗೆ ಸುಮ್ಮನಿರುವುದು ಗೊತ್ತಿರಲಿಲ್ಲ. ಗಂಡ ಗಡಿಯಾರ ರಿಪೇರಿ ಮಾಡುವವನು. ಬೆಳಿಗ್ಗೆ ಸ್ಟೂಲಿನ ಮೇಲೆ ಇಟ್ಟರೆ ಸಂಜೆ ಅಲ್ಲಿಂದಲೇ ಎತ್ತಿಕೊಳ್ಳಬಹುದಾದಂಥ ಆಸಾಮಿ. ಆ ಮನೆಯ ಓಡಾಟವೆಲ್ಲ ಇವಳ ಪಾಲಿಗೇ ಬಂದಿತ್ತು. ನಮ್ಮ ಮನೆಗೆ ಬಂದರೂ ಕೂರುವವಳಲ್ಲ. ಪರದೆಯ ಅಂಚು ಸಮ ಮಾಡುವಳು. ನನ್ನ ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಮಡಿಸಿ ಕೈಗೆ ಕೊಡುವಳು. ನಾನು ಓದುತ್ತಿರುವ ಪತ್ರಿಕೆಯ ಈ ಕಡೆಯ ಪುಟ ಮುಗಿಯುವ ಮೊದಲೇ ಆ ಕಡೆಯಿಂದ ಮೂಲೆಗೆ ಮೂಲೆ ಕೂಡಿಸುವಳು. ದಿನವೆಲ್ಲ ಎದುರಿನವಳ ನಿದ್ದೆ ವಿಚಾರಿಸುವ ಅವಳಿಗೆ ರಾತ್ರಿ ಸರಿಯಾಗಿ ನಿದ್ದೆಯೇ ಇರಲಿಲ್ಲ. ಈಚೆ ತುದಿಯವಳನ್ನು ಕೇಳುವವರು ಯಾರೂ ಇರುವುದಿಲ್ಲವಲ್ಲ.

ಒಂದು ಬೆಳಿಗ್ಗೆ ನಾದಿನಿಯ ಗಂಡ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಕೆಲವು ದಿನ ಬಿಟ್ಟು ಅವಳು ಕೆಲಸಕ್ಕೆ ಬಂದಳು. ಎಂದಿನಂತೆ ಬಾಯ್ಲರ್ ಪಕ್ಕ ನಿಂತು ತುದಿ ಹಿಡಿದಳು. ಅತ್ತಿಗೆಗೆ ಆ ಪ್ರಶ್ನೆ ಕೇಳಲು ಬಾಯಿ ಬರಲಿಲ್ಲ. ಕೇಳದಿದ್ದರೆ ಕೈ ಬರಲಿಲ್ಲ. ಕೊನೆಗೆ ಕಣ್ಣು ಮುಚ್ಚಿಕೊಂಡು ಹಾಡಿಯೇಬಿಟ್ಟಳಂತೆ. ಆಚೆಯಿಂದ ಸ್ವಲ್ಪ ತಡವಾಗಿ ಹೊಸ ಜವಾಬು ಬಂತು:

ಬಡಿವ ಕಿಟಕಿಗೆ ಚಿಲಕವಿಲ್ಲ,
ಬೇರೆ ಕಾರಣ ಏನೂ ಇಲ್ಲ.

ಅದೇ ಉಳಿಯಿತು. ಗೊರಕೆಯ ಜವಾಬನ್ನು ಆಮೇಲೆ ಯಾರೂ ಕೇಳಲಿಲ್ಲ. ಗಾಡಿಗೆ ಹೊಸ ಚಾಲಕ ಬಂದ. ಇವನು ವಿಚಿತ್ರ ಪ್ರಾಣಿ. ಗಾಡಿ ನಿಲ್ಲಿಸಿ, ಇಳಿದು ಬಂದು, ತಗಡಿನ ಬಾಗಿಲನ್ನು ಬೆರಳಿನಿಂದ ಬಡಿಯುತ್ತಿದ್ದ. ಊರಿನಲ್ಲಿ ಹಾರನ್ ಹೊಡೆಯದ ಗಾಡಿ ಅದೊಂದೇ. ಇದು ತಾನು ತಂದ ಶಿಸ್ತು ಎಂದು ಲಾಂಡ್ರಿಯ ಮೇಲ್ವಿಚಾರಕ ಹೇಳಿಕೊಂಡು ತಿರುಗುತ್ತಿದ್ದ. ತನ್ನ ಕೊರಳಿನ ಸೀಟಿಯಿಂದಲೇ ಬಾಯ್ಲರಿನ ನೀರು ಕುದಿಯುತ್ತದೆಂದು ನಂಬಿದ್ದ ಮನುಷ್ಯ ಅವನು.

ಇನ್ನು ಚಾದರದಕ್ಕನ ಮಗಳು. ಚಿಕ್ಕವಳಿದ್ದಾಗ ಅವಳನ್ನು ನೋಡಿಕೊಳ್ಳುವವರಿಲ್ಲದೆ ಮಡಿಸುವ ಮೇಜಿನ ಅಡಿಯಲ್ಲಿ ಬಿಡುತ್ತಿದ್ದರು. ಬೆಚ್ಚಗಿನ ಟವೆಲ್ಲುಗಳ ನಡುವೆ ಅವಳು ನಿದ್ದೆ ಮಾಡಿದಳು, ಹಲ್ಲು ಹುಟ್ಟಿಸಿಕೊಂಡಳು, ಹಾಡು ಕಲಿತಳು. ಈಗ ಕನ್ನಡಕದ ಅಂಗಡಿಯಲ್ಲಿ ಕೆಲಸ. ಸಂಜೆ ಹೊತ್ತು ಇಬ್ಬರು ಗೆಳತಿಯರನ್ನು ಕಟ್ಟಿಕೊಂಡು ಹಾಡುತ್ತಾಳೆ. ಒಬ್ಬಳು ಕೀಬೋರ್ಡು, ಒಬ್ಬಳು ಡ್ರಮ್ಮು. ಮನೆಯ ಹಾಡನ್ನೇ ತೆಗೆದುಕೊಂಡು, ಮೊದಲು ಎಳೆದೆಳೆದು ನಿಧಾನವಾಗಿ, ಆಮೇಲೆ ಇದ್ದಕ್ಕಿದ್ದಂತೆ ಡ್ರಮ್ಮು ಬಾರಿಸಿ ಓಡಿಸುವುದು ಅವಳು ಕೊಟ್ಟ ರೂಪ. ತಾಯಿ ಮೊದಲ ಸಲ ಕೇಳಿ, "ಯಾಕೆ, ಚಾದರ ಇನ್ನೂ ಒದ್ದೆ ಇದೆಯಾ?" ಅಂದಳು. ಅಜ್ಜಿ ನಿನಗೆ ಏನಂದಿದ್ದಳೆಂದು ನೀನೇ ಹೇಳಿದ್ದೀಯಲ್ಲ ಎಂದು ಮಗಳು ಚುಚ್ಚಿದಳು. ಅಲ್ಲಿಗೆ ಆ ವಿಮರ್ಶೆ ಮುಗಿಯಿತು.

ತೊಡಕಿದ್ದದ್ದು ಜವಾಬಿನಲ್ಲಿ. ಹುಡುಗಿ ತನ್ನದೊಂದು ಜವಾಬು ಕಟ್ಟಿಕೊಳ್ಳಬೇಕಿತ್ತು. "ನನಗೆ ನಿದ್ದೆ ಚೆನ್ನಾಗೇ ಬರುತ್ತಲ್ಲಮ್ಮ, ಸುಳ್ಳು ಹೇಳ್ಲಾ?" ಎಂದು ವಾದ ಹೂಡಿದವಳು, ಮೇಜಿನ ಅಡಿಯಿಂದ ಕೇಳಿ ಕಲಿತಿದ್ದ ಸೋದರತ್ತೆಯ ಗೊರಕೆಯ ಜವಾಬನ್ನೇ ಯಾರಿಗೂ ಹೇಳದೆ ಇಟ್ಟುಕೊಂಡಳು.

ಮೊದಲ ಕಾರ್ಯಕ್ರಮ ಊರಿನ ವಾಚನಾಲಯದ ಸಭಾಂಗಣದಲ್ಲಿ. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಈ ಹಾಡನ್ನು ಮೊಟ್ಟಮೊದಲು ಬೆಳಕಿಗೆ ತಂದವರು ಎಂದು ನಿರೂಪಕಿ ನನ್ನನ್ನು ಪರಿಚಯಿಸಿದಾಗ ನಾನು ಎದ್ದು ಮೂರೂ ದಿಕ್ಕಿಗೆ ಕೈ ಮುಗಿದೆ. ಹಿಂದಿನ ಸಾಲಿನಲ್ಲಿದ್ದ, ಕಪಾಟಿನ ವಿಷಯ ಗೊತ್ತಿದ್ದ ಲಾಂಡ್ರಿಯ ಹೆಂಗಸರು ಕೆಮ್ಮಿದರು. ನನ್ನ ಪಕ್ಕದಲ್ಲಿ ಚಾದರದಕ್ಕ, ಅವಳ ಪಕ್ಕದಲ್ಲಿ ನಾದಿನಿ.

ಹುಡುಗಿ ಪ್ರಶ್ನೆ ಹಾಡಿದಳು. ಆಮೇಲೆ ಗೊರಕೆಯ ಜವಾಬು ಹಾಡಿದಳು. ಚಾದರದಕ್ಕ ಬೆಚ್ಚಿ ನಾದಿನಿಯ ಕಡೆ ತಿರುಗಿದಳು. ನಾದಿನಿಯ ತುಟಿಯ ಒಂದು ಮೂಲೆ ನಗುವ ಹಾಗೆ ಮೇಲೆದ್ದದ್ದನ್ನು ನಾನೂ ಕಂಡೆ. ಅಷ್ಟರಲ್ಲಿ ಕೀಬೋರ್ಡಿನವಳು ಗಾಡಿಯ ಹಾರನ್ನಿನ ಸದ್ದು ಹೊರಡಿಸಿದಳು: ಪೋಂ, ಪೋಂ. ಸಭಾಂಗಣವೆಲ್ಲ ಬಿದ್ದು ಬಿದ್ದು ನಕ್ಕಿತು. ನಾದಿನಿ ಸರಕ್ಕನೆ ಎದ್ದು ನಿಂತಳು. ಒಂದು ಗಳಿಗೆ ಬಾಗಿಲ ಕಡೆ ನೋಡಿದಳು. ಆಮೇಲೆ ಎಲ್ಲರ ಮೊಣಕಾಲು ದಾಟಿಕೊಂಡು ಹೊರಗೆ ನಡೆದುಬಿಟ್ಟಳು.

ಮರುದಿನ ಅವಳು ಕೆಲಸಕ್ಕೆ ಬಂದಳು. ತುದಿ ಹಿಡಿದಳು. ಅತ್ತಿಗೆ ಪ್ರಶ್ನೆ ಹಾಡಿದಳು. ಜವಾಬು ಬರಲಿಲ್ಲ. ಬಾಯ್ಲರಿನ ಬುಸುಗುಟ್ಟುವಿಕೆ ಮಾತ್ರ. ಮಧ್ಯಾಹ್ನದ ವಿರಾಮದಲ್ಲಿ ನಾದಿನಿ ಮೇಲ್ವಿಚಾರಕನ ಬಳಿ ಹೋಗಿ, ಮುಂದಿನ ವಾರದಿಂದ ತನ್ನನ್ನು ಇಸ್ತ್ರಿಯ ಕೋಣೆಗೆ ಹಾಕಬೇಕೆಂದು ಕೇಳಿಕೊಂಡಳು. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮೇಜು, ಯಾರೂ ಯಾರನ್ನೂ ಏನನ್ನೂ ಕೇಳುವುದಿಲ್ಲ. ತನ್ನ ಆಡಳಿತದಲ್ಲಿ ಏನಾದರೂ ಬದಲಾದರೆ ಸಾಕು, ಮೇಲ್ವಿಚಾರಕನಿಗೆ ಹಿಗ್ಗು. ಆಗಲಿ ಅಂದ.

ಚಾದರದಕ್ಕನ ಕಾಲ ಕೆಳಗಿನ ನೆಲ ಜಾರಿದ್ದು ಆಗ. ಮಗಳ ತೊಟ್ಟಿಲಿನ ಕಾಲದಿಂದ ಒಂದೇ ಬಟ್ಟೆಯ ಎರಡು ತುದಿಗೆ ನಿಂತವರು. ಆಚೆಯವಳ ಹೆಗಲು ಅಲುಗಿದ್ದು ನೋಡಿ ಈಚೆಯವಳ ಕೈ ಎಳೆಯುತ್ತಿತ್ತು. ಇನ್ನು ಯಾರೋ ಹೊಸಬಳ ಜೊತೆ ಮೊದಲಿನಿಂದ ಶುರು ಮಾಡುವುದಕ್ಕೆ ಅವಳಲ್ಲಿ ಅಷ್ಟು ಆಯುಸ್ಸೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಆ ವಾರ ಅವಳು ಕೈಗೆ ಸಿಕ್ಕಿದ್ದನ್ನೆಲ್ಲ ಮಡಿಸಿದಳು. ಗಂಡ ಗಡಿಯಾರದ ಚಿಕ್ಕ ಹಲ್ಲುಚಕ್ರಗಳನ್ನು ಹರಡಿಕೊಂಡಿದ್ದ ಬಟ್ಟೆಯನ್ನೂ ಚಕ್ರಗಳ ಸಮೇತ ಮಡಿಸಿಟ್ಟಳು. ಆ ಶಾಂತಮೂರ್ತಿ ನೆಲದ ಮೇಲೆ ಮೊಣಕಾಲೂರಿ ಹುಡುಕುವುದನ್ನು ಬೀದಿಯವರು ಮೊದಲ ಬಾರಿಗೆ ನೋಡಿದರು. ಸಂಜೆಯಾದರೆ ನಮ್ಮ ಮನೆಗೆ ಬಂದು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ತಿರುಗುವಳು. ನನ್ನ ಹೆಂಡತಿ ಕುರ್ಚಿ ಸರಿಸಿಕೊಟ್ಟರೆ ಕುರ್ಚಿಯ ಮೇಲಿನ ಬಟ್ಟೆ ಮಡಿಸುವಳು.

ಮಗಳಿಗೆ ಹೇಳಿ ನೋಡಿದಳು: ಆ ಜವಾಬು ಬಿಡು, ಅತ್ತೆಯ ಹತ್ತಿರ ಒಂದು ಮಾತು ಆಡು. ಮಗಳು ಕೆಂಡವಾದಳು. "ಚಿಕ್ಕವಳಿದ್ದಾಗ ಇದನ್ನೇ ಹಾಡಿದ್ರೆ ಎತ್ತಿ ಮುದ್ದು ಮಾಡ್ತಿದ್ರು. ಈಗ ಕಳ್ಳಿ ಆದ್ನಾ? ಶನಿವಾರ ಮತ್ತೆ ಹಾಡಬೇಕು, ಜನ ಕೇಳ್ತಿರೋದೇ ಅದನ್ನ" ಎಂದು ಅಂಗಡಿಗೆ ಹೊರಟುಬಿಟ್ಟಳು. ಜವಾಬು ಕದ್ದದ್ದಕ್ಕೇ ನಾದಿನಿಗೆ ಸಿಟ್ಟು ಎಂಬುದರಲ್ಲಿ ಲಾಂಡ್ರಿಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ನನಗಂತೂ ಇರಲೇ ಇಲ್ಲ.

ಸಂಧಾನಕ್ಕೆ ನಾನು ಹೋಗುತ್ತೇನೆ ಅಂದೆ. ಬೇಡ ಎಂದು ನನ್ನ ಹೆಂಡತಿ, ಚಾದರದಕ್ಕ ಇಬ್ಬರೂ ಒಟ್ಟಿಗೆ ಹೇಳಿದರು. ಹೋದೆ.

ನಾದಿನಿಯದು ಒಂದೇ ಕೋಣೆಯ ಮನೆ. ಕಿಟಕಿಯ ಸಂದಿಗೆ ನಿಜವಾಗಿಯೂ ಮಡಿಸಿದ ರಟ್ಟಿನ ತುಂಡೊಂದನ್ನು ಸಿಕ್ಕಿಸಿದ್ದಳು. ಅವಳು ಬಟಾಣಿ ಬಿಡಿಸುತ್ತಾ ಕೂತಿದ್ದಳು. ನಾನು ಗಂಟಲು ಸರಿಮಾಡಿಕೊಂಡು, ಹೆಂಗಸರ ಹಾಡುಗಳೆಂದರೆ ಹರಿಯುವ ನೀರು, ಅವು ಬಾಯಿಂದ ಬಾಯಿಗೆ ಬದಲಾಗುತ್ತವೆ, ಅವು ಯಾರೊಬ್ಬರ ಸ್ವತ್ತೂ ಅಲ್ಲ, ಎಲ್ಲರ ಸ್ವತ್ತು ಎಂದು ಮುಂತಾಗಿ ಬಹಳ ಚೆನ್ನಾಗಿ ಮಾತಾಡಿದೆ. ಅವಳು ಎಲ್ಲವನ್ನೂ ಕೇಳಿ, "ಹಾಗಾದ್ರೆ ನೀವು ಬರೆದಿದ್ದರ ಕೆಳಗೆ ನಿಮ್ಮ ಹೆಸರು ಯಾಕೆ ಹಾಕ್ಕೋತೀರಿ?" ಅಂದಳು.

ನಾನು ಬುಟ್ಟಿಗೆ ಕೈ ಹಾಕಿ ಎರಡು ಬಟಾಣಿ ಬಿಡಿಸಿದೆ. ಬಹುಶಃ ಅದು ಸಹಾಯವಾಯಿತು. ಅವಳು ಬುಟ್ಟಿಯ ಕಡೆ ನೋಡುತ್ತಲೇ ಮಾತಾಡಿದಳು.

"ಮಗು ನನ್ನ ಜವಾಬು ಹಾಡ್ತು ಅಂತ ನನಗೆ ಬೇಜಾರಿಲ್ಲ. ಹಾಡ್ಲಿ. ಆ ಹಾರನ್ ಇದೆಯಲ್ಲ, ಅದು ನನ್ನದು. ಅವರು ಬಾಯ್ಲರ್ ಹಿಂದೇನೇ ಗಾಡಿ ನಿಲ್ಲಿಸಿ, ಅದರಲ್ಲೇ ಕೂತು ಕೇಳಿಸ್ಕೋತಿದ್ರು. ನಾನು ಗೊರಕೆ ಅಂತ ಹಾಡಿದ್ರೆ ಅವರು ಹಾರನ್ ಹೊಡೀತಿದ್ರು. ಒಂದು ಉದ್ದ, ಒಂದು ಗಿಡ್ಡ. 'ಕೇಳಿಸ್ತು ಕಣೇ' ಅಂತ. ಅತ್ತಿಗೆ ಪಾಪ, ಅವಸರ ಮಾಡ್ತಿದ್ದಾರೆ ಅಂದ್ಕೋತಿದ್ರು. ನಾವಿಬ್ರೂ ಯಾರಿಗೂ ಹೇಳಿರ್ಲಿಲ್ಲ."

ಹೊಸ ಚಾಲಕನಿಗೆ ಹಾರನ್ ಹೊಡೆಯಬೇಡವೆಂದು ಮೊದಲ ದಿನವೇ ಗುಟ್ಟಾಗಿ ಕೇಳಿಕೊಂಡವಳು ಅವಳೇ. ಮೇಲ್ವಿಚಾರಕನ ಶಿಸ್ತು ಹೀಗೆ ಹುಟ್ಟಿದ್ದು.

"ಮೊನ್ನೆ ಅದು ಕೇಳಿಸಿದ್ದೇ ತಡ, ನಾನು ಎದ್ದು ಬಾಗಿಲು ನೋಡ್ಬಿಟ್ಟೆ" ಅಂದಳು. "ಬಂದ್ರೇನೋ ಅನ್ನೋ ಹಾಗೆ. ಅಷ್ಟು ಜನರ ಮುಂದೆ. ಎದ್ದ ಮೇಲೆ ಮತ್ತೆ ಹೇಗೆ ಕೂರೋದು? ಅದಕ್ಕೇ ಹೊರಗೆ ಹೋದೆ."

ಹಾಗಾದರೆ ಇಸ್ತ್ರಿಯ ಕೋಣೆ ಯಾಕೆಂದು ಕೇಳಿದೆ. ಅತ್ತಿಗೆ ದಿನಾ ಅದೇ ಪ್ರಶ್ನೆ ಕೇಳುತ್ತಾಳೆ, ಇನ್ನು ಆ ಕಿಟಕಿಯ ಜವಾಬು ಬಾಯಿಗೆ ಬರುವುದಿಲ್ಲ, ಬೇರೆ ಜವಾಬು ಹೇಳಲು ಧೈರ್ಯವಿಲ್ಲ ಅಂದಳು. ಬಟಾಣಿ ಮುಗಿದಿತ್ತು.

ನಾನು ಹೇಳಿದ್ದನ್ನು ಕೇಳುವಾಗ ಚಾದರದಕ್ಕ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಅರ್ಧ ಮಡಿಸಿದ ಕೈವಸ್ತ್ರ. ಅದು ಅರ್ಧದಲ್ಲೇ ಉಳಿಯಿತು. ಆ ಕೈಗಳು ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ನಾನು 'ಬಂದೆ ತಡಿಯಪ್ಪಾ' ಅಂತಿದ್ನಲ್ಲ" ಅಂದಳು. "ಅಷ್ಟು ವರ್ಷ. ಅವಳು ಆ ಕಡೆ ನಗ್ತಿದ್ಲು. ನನ್ನನ್ನ ನೋಡಿ ನಗ್ತಾಳೆ ಅಂತ ಬೈದಿದ್ದೂ ಇದೆ."

ಮನೆಗೆ ಹೋಗಿ ಮಗಳಿಗೆ ಹೇಳಿದಳು. ಮಗಳು, ಹಾರನ್ನೂ ಹಾಡಿನದೇ ಒಂದು ಸಾಲು ಎಂದುಕೊಂಡಿದ್ದೆ ಅಂದಳಂತೆ. ಮೇಜಿನ ಅಡಿಯಲ್ಲಿ ಕೂತವಳಿಗೆ ಪ್ರಶ್ನೆ, ಜವಾಬು, ಪೋಂ ಎಲ್ಲ ಒಂದರ ಹಿಂದೊಂದು ಒಂದೇ ಕಡೆಯಿಂದ ಕೇಳಿಸುತ್ತಿತ್ತು. ಇಲ್ಲಿಗೆ ಹಾಡು, ಇಲ್ಲಿಂದಾಚೆ ಗಾಡಿ ಎಂದು ಅವಳಿಗೆ ಯಾರೂ ಗೆರೆ ಎಳೆದು ತೋರಿಸಿರಲಿಲ್ಲ.

ಮರುದಿನ ಬೆಳಿಗ್ಗೆ, ಕನ್ನಡಕದ ಅಂಗಡಿ ತೆರೆಯುವ ಮೊದಲು, ಅವಳು ಲಾಂಡ್ರಿಗೆ ಬಂದಳು. ಸಂಧಾನಕಾರನಾದ ನಾನು ಇಲ್ಲದಿದ್ದರೆ ಹೇಗೆ ಎಂದು ನಾನೂ ಬಂದಿದ್ದೆ. ನಾದಿನಿ ಆಗಲೇ ಇಸ್ತ್ರಿಯ ಕೋಣೆಯ ಬಾಗಿಲಲ್ಲಿ ನಿಂತು ಮುಂದಿನ ವಾರದ ತನ್ನ ಮೇಜನ್ನು ನೋಡುತ್ತಿದ್ದಳು. ಚಾದರದಕ್ಕ ಒಂದು ತುದಿ ಹಿಡಿದು ಒಬ್ಬಳೇ ನಿಂತಿದ್ದಳು. ಇನ್ನೊಂದು ತುದಿ ಮೇಜಿನ ಮೇಲೆ ಬಿದ್ದಿತ್ತು. ಇಂಥ ದೃಶ್ಯ ನೋಡಿಕೊಂಡು ಸುಮ್ಮನಿರುವ ಗಂಡಸು ನಾನಲ್ಲ. ಮುನ್ನುಗ್ಗಿ ಆಚೆ ತುದಿ ಹಿಡಿದೆ. ಅವಳು ಎಳೆದಳು. ನಾನು ಆ ಹೊತ್ತಿಗೆ ಕನ್ನಡಕ ಸರಿಮಾಡಿಕೊಳ್ಳುತ್ತಿದ್ದೆ. ಮುಂದಿನ ಕ್ಷಣ ಚಾದರ ಅವಳ ಬಳಿ ಇತ್ತು, ನಾನು ದಿಂಬಿನ ಚೀಲಗಳ ಬುಟ್ಟಿಯಲ್ಲಿದ್ದೆ.

ನನ್ನನ್ನು ಎತ್ತುವ ಗೋಜಿಗೆ ಯಾರೂ ಹೋಗಲಿಲ್ಲ. ಮಗಳು ಬಂದು ತುದಿ ಹಿಡಿದಳು. ತಾಯಿ ಪ್ರಶ್ನೆ ಹಾಡಿದಳು. ಮಗಳ ದನಿಯಲ್ಲಿ ಸಭಾಂಗಣದ ಬೆಡಗು ಇರಲಿಲ್ಲ.

ಅತ್ತೆ ಮುನಿದಳು ಸದ್ದಿಲ್ಲದೆ,
ಜವಾಬು ಕದ್ದವಳಿಗೆಲ್ಲಿ ನಿದ್ದೆ?

ಮೊದಲ ಬಾರಿಗೆ ಅವಳಿಗೆ ನಿಜವಾಗಿಯೂ ನಿದ್ದೆ ಬಂದಿರಲಿಲ್ಲ ಎಂಬುದು ಕಣ್ಣು ನೋಡಿದರೇ ತಿಳಿಯುತ್ತಿತ್ತು. ಇಸ್ತ್ರಿಯ ಬಾಗಿಲಿನಿಂದ ನಾದಿನಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನೇರ ನಡೆದು ಬಂದಳು.

"ಸೊಟ್ಟ ಹಿಡ್ಕೊಂಡಿದ್ದೀಯ. ಬಿಡು ಇತ್ತ."

ಹುಡುಗಿ ಪಕ್ಕಕ್ಕೆ ಸರಿದಳು. ನಾದಿನಿ ಎರಡೂ ಮೂಲೆ ಹಿಡಿದು ಹಿಂದೆ ಹಿಂದೆ ನಡೆದು ಬಾಯ್ಲರ್ ಪಕ್ಕ ನಿಂತಳು. ಚಾದರದಕ್ಕ ಕೇಳಿದಳು. ಎಂದಿನ ಓಟವಿಲ್ಲ, ತನ್ನ ತಾಯಿಯ ಕಾಲದ ದಪ್ಪ ಚಾದರಕ್ಕೆ ಹಾಡುವ ಹಾಗೆ, ಒಂದೊಂದೇ ಮಾತನ್ನು ಬಿಡಿಸಿ ಕೇಳಿದಳು. ಅಟ್ಟಿಸಿಕೊಂಡು ಬರುವವರು ಈಗ ಯಾರೂ ಇರಲಿಲ್ಲ. ಚಾದರ ನಡುವೆ ಸಡಿಲವಾಗಿ ಜೋತುಬಿದ್ದಿತ್ತು. ಹಿಂದೆ ನಾನು ಕಿಟಕಿಯಲ್ಲಿ ಕೇಳಿಸಿಕೊಂಡಂಥ ಮೌನ ಒಂದಷ್ಟು ಹೊತ್ತು ಅಲ್ಲಿತ್ತು, ಈ ಸಲ ನಿಜವಾದದ್ದು. ನಂತರ ಆಚೆಯಿಂದ ಜವಾಬು ಬಂತು:

ಗಾಡಿಯೂ ನಿಂತಿತು, ಗೊರಕೆಯೂ ನಿಂತಿತು,
ಸದ್ದಿಲ್ಲದ ಮನೆಗೆ ನಿದ್ದೆ ಎಲ್ಲಿ ಬಂತು?

ಸುತ್ತ ಮಡಿಸುತ್ತಿದ್ದವರ ಕೈಗಳು ನಿಂತವು. ಅವರಿಬ್ಬರು ಮಾತ್ರ ಎದುರುಬದುರು ನಡೆದರು. ನಡುವೆ ಸೇರಿದಾಗ ನಾದಿನಿ ತನ್ನ ಮೂಲೆಗಳನ್ನು ಅತ್ತಿಗೆಯ ಬೆರಳಿಗೆ ಕೊಟ್ಟಳು. ಕೊಡಲು ಬೇಕಾಗುವುದಕ್ಕಿಂತ ಒಂದು ಚೂರು ಹೆಚ್ಚು ಹೊತ್ತು ನಾಲ್ಕು ಕೈಗಳೂ ಅಲ್ಲೇ ಇದ್ದವು. "ಮೂಲೆ ಸರಿ ಕೊಡು, ಜಾರುತ್ತೆ" ಎಂದು ಚಾದರದಕ್ಕ ಗದರಿದಳು. ದನಿ ಮಾತ್ರ ಗದರುವವರದ್ದಾಗಿರಲಿಲ್ಲ.

ಮೇಲ್ವಿಚಾರಕ ಬಂದು, ಮುಂದಿನ ವಾರದಿಂದ ಇಸ್ತ್ರಿ ತಾನೆ ಎಂದು ನಾದಿನಿಯನ್ನು ಕೇಳಿದ. "ಅಲ್ಲಿ ಸೆಕೆ ಜಾಸ್ತಿ" ಅಂದಳು. ಅವನು ಯೋಚಿಸಿ, ಬೇಡವೆಂದು ತಾನೇ ನಿರ್ಧರಿಸಿರುವುದಾಗಿ ಎಲ್ಲರಿಗೂ ತಿಳಿಸಿ, ಒಮ್ಮೆ ಸೀಟಿ ಊದಿ ಹೋದ. ಅಷ್ಟರಲ್ಲಿ ತಗಡಿನ ಬಾಗಿಲು ಬಡಿದ ಸದ್ದಾಯಿತು. ಗಾಡಿ ಬಂದಿತ್ತು. ನಾದಿನಿ ಚಾದರ ಹಿಡಿದುಕೊಂಡೇ ಕೂಗಿ ಹೇಳಿದಳು: "ನಾಳೆಯಿಂದ ಹಾರನ್ ಹೊಡಿಯಪ್ಪ. ಬೆರಳು ಮುರಿದೀತು."

ಅಂಗಡಿಗೆ ಹೊರಟಿದ್ದ ಸೋದರಸೊಸೆಗೆ ಇನ್ನೊಂದು ಮಾತು ಹೇಳಿ ಕಳಿಸಿದಳು. ಗೊರಕೆಯ ಜವಾಬು ಹಾಡಬಹುದು, ಹಾರನ್ನೂ ಇರಲಿ, ಆದರೆ ಪೋಂ ಪೋಂ ಅಲ್ಲ. ಅದು ಯಾರೋ ಹಾಲಿನ ಗಾಡಿಯವನದು. ಒಂದು ಉದ್ದ, ಒಂದು ಗಿಡ್ಡ.

ಶನಿವಾರ ಅದು ಹಾಗೆಯೇ ಬಂತು. ಹುಡುಗಿ ಮೊದಲು ತನ್ನ ಜವಾಬು ಹಾಡಿದಳು, ಆಮೇಲೆ ಅತ್ತೆಯದು ಎಂದು ಹೇಳಿ ಅತ್ತೆಯದನ್ನು ಹಾಡಿದಳು. ಉದ್ದದ ಹಾರನ್ ಕೇಳಿದಾಗ ನಾದಿನಿ ಈ ಸಲ ಬಾಗಿಲ ಕಡೆ ನೋಡಲಿಲ್ಲ, ಅತ್ತಿಗೆಯ ಕಡೆ ನೋಡಿದಳು. ಅತ್ತಿಗೆ "ಬಂದೆ ತಡಿಯಪ್ಪಾ" ಅಂದಳು, ಮೆಲ್ಲಗೆ. ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದರು. ಹಿಂದಿನ ಸಾಲಿನವರು ಶ್ ಶ್ ಎನ್ನುವವರೆಗೂ ನಿಲ್ಲಿಸಲಿಲ್ಲ. ಕೊನೆಯಲ್ಲಿ ಹುಡುಗಿ ಪ್ರಶ್ನೆ ಹಾಡಿ ಮೈಕನ್ನು ಸಭೆಯ ಕಡೆ ಚಾಚಿದಳು. ಮುದುಕಿಯೊಬ್ಬಳು ಎದ್ದು ತನ್ನ ಎಡ ಮೊಣಕಾಲಿನ ಮೇಲೆ ಎರಡು ಸಾಲು ಹಾಡಿದಳು. ಒಬ್ಬ ತಾಯಿ ಪರೀಕ್ಷೆಯ ಮೇಲೆ ಹಾಡಿದಳು. ನನ್ನದೂ ಒಂದು ತಯಾರಿತ್ತು, ಸ್ವಲ್ಪ ದೀರ್ಘ. ನಾನು ಎದ್ದು ನಿಲ್ಲುವುದನ್ನು ಕಂಡ ಹುಡುಗಿ ಮೈಕನ್ನು ಇನ್ನೊಂದು ಕಡೆಗೆ ತಿರುಗಿಸಿದಳು.

ಇದನ್ನು ಬರೆಯುವ ಮೊದಲು ಹೆಂಡತಿಯ ಹಳೆಯ ಸಲಹೆ ನೆನಪಾಗಿ, ಈ ಸಲ ಹೋಗಿ ಕೇಳಿಕೊಂಡೇ ಬರೆಯೋಣ ಎಂದು ಲಾಂಡ್ರಿಗೆ ಹೋದೆ. ಚಾದರದಕ್ಕ ಎಂದಿನಂತೆ ನಿಂತಲ್ಲಿ ನಿಲ್ಲದೆ, ಒಂದು ರಾಶಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದ್ದಳು. ಆಚೆ ತುದಿಯವಳು ನೀರು ಕುಡಿಯಲು ಹೋಗಿದ್ದಳು. ಅಂಕಣಕ್ಕೆ ಒಂದು ತೂಕದ ಮಾತು ಸಿಕ್ಕೀತೆಂದು ನಾನು ಗಂಭೀರವಾಗಿ ಕೇಳಿದೆ: ನಾದಿನಿ ನಿಜವಾಗಿಯೂ ಇಸ್ತ್ರಿಯ ಕೋಣೆಗೆ ಹೋಗಿಬಿಟ್ಟಿದ್ದರೆ, ನೀವು ಆ ಹಾಡನ್ನು ಒಬ್ಬರೇ ಹಾಡಿಕೊಂಡು ಉಳಿಸುತ್ತಿದ್ದಿರಾ?

ಅವಳು ಚಾದರ ಕೊಡವಿ, ಬುಟ್ಟಿಯ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದಳು.

"ಆ ಕಡೆ ಯಾರು ಹಿಡ್ಕೊಳ್ಳೋದು? ನೀವಾ?"